ಅರಗಿನ ಜಾಡು ಹಿಡಿದು

ಚುನಾವಣೆಯ ಹಿಂದಿನ ದಿನ ಮಸ್ಟರಿಂಗ್ ಕೇಂದ್ರದಲ್ಲಿ ಮತಗಟ್ಟೆ ಸಿಬ್ಬಂದಿಯ ಕೈಗೆ ಒಂದು ಚೀಲ ಕೊಡುತ್ತಾರೆ. ಮೇಷ್ಟ್ರ ಕೆಲಸಕ್ಕೆ ಸೇರಿದ ಮೇಲೆ ಈ ಚೀಲದಿಂದ ಬಿಡುಗಡೆಯಿಲ್ಲ. ಶಾಮಿಯಾನದ ಕೆಳಗೆ ಕುಳಿತು, ಪಟ್ಟಿ ಹಿಡಿದು, ಒಂದೊಂದನ್ನೂ ಎಣಿಸಿಕೊಳ್ಳಬೇಕು: ಬಗೆಬಗೆಯ ನಮೂನೆಗಳು, ಲಕೋಟೆಗಳು, ಸ್ಟಾಂಪ್ ಪ್ಯಾಡು, ದಾರ, ಬ್ಲೇಡು, ಮೇಣದ ಬತ್ತಿ, ಬೆಂಕಿಪೊಟ್ಟಣ, ಅರಗಿನ ಕಡ್ಡಿ, ಅಳಿಸಲಾಗದ ಶಾಯಿಯ ಪುಟ್ಟ ಶೀಶೆ. ಮತ ಹಾಕುವುದೇನೋ ವಿದ್ಯುನ್ಮಾನ ಯಂತ್ರದಲ್ಲಿ. ಆದರೆ ಸಂಜೆ ಆ ಯಂತ್ರವನ್ನು ಪೆಟ್ಟಿಗೆಗೆ ಸೇರಿಸಿದ ಮೇಲೆ ದಾರ ಕಟ್ಟಿ, ವಿಳಾಸದ ಚೀಟಿ ಇಳಿಬಿಟ್ಟು, ಮೇಣದ ಬತ್ತಿಯ ಉರಿಗೆ ಅರಗಿನ ಕಡ್ಡಿ ಹಿಡಿದು, ಗಂಟಿನ ಮೇಲೆ ತೊಟ್ಟಿಕ್ಕಿಸಿ ಮೊಹರು ಒತ್ತಬೇಕು. ಆ ಅರಗು ಒಮ್ಮೆ ಬೆರಳಿನ ಮೇಲೆ ಬಿದ್ದವರಿಗೆ ಪ್ರಜಾಪ್ರಭುತ್ವದ ಬಿಸಿ ಏನೆಂದು ಚೆನ್ನಾಗಿ ತಿಳಿದಿರುತ್ತದೆ.

ಚೀಲದಲ್ಲಿರುವ ಶಾಯಿ ಮೈಸೂರಿನದು ಎಂಬುದು ಸಾಮಾನ್ಯ ಜ್ಞಾನದ ಪುಸ್ತಕ ಉರುಹೊಡೆದ ಮಕ್ಕಳಿಗೆಲ್ಲ ಗೊತ್ತು. ಬನ್ನಿಮಂಟಪದ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆ 1962ರ ಮಹಾಚುನಾವಣೆಯಿಂದ ದೇಶಕ್ಕೆಲ್ಲ ಈ ಶಾಯಿಯನ್ನು ಒದಗಿಸುತ್ತಿದೆ, ಹೊರದೇಶಗಳಿಗೂ ಕಳಿಸುತ್ತದೆ. ಅಷ್ಟಾಗಿ ಯಾರೂ ಗಮನಿಸದ ಸಂಗತಿಯೆಂದರೆ ಆ ಕಾರ್ಖಾನೆಯ ಮೊದಲ ಹೆಸರು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅದು ಶುರುವಾದಾಗ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಎಂದಿತ್ತು. ಅಂದರೆ ಅರಗಿನ ಕಾರ್ಖಾನೆ. 1989ರಲ್ಲಿ ಹೆಸರು ಬದಲಾಯಿತು, ಅರಗು ಹಿಂದೆ ಸರಿಯಿತು. ಬೆರಳಿಗೆ ಹಚ್ಚುವ ಶಾಯಿಯೂ ಪೆಟ್ಟಿಗೆಗೆ ಒತ್ತುವ ಅರಗೂ ಒಂದೇ ಚೀಲದಲ್ಲಿ ಅಕ್ಕಪಕ್ಕ ಕೂರುವುದರ ಹಿಂದೆ ಏನಾದರೂ ನಂಟು ಇರಬಹುದೇ ಎಂದು ನಾನು ತಲೆ ಕೆಡಿಸಿಕೊಂಡದ್ದು ಅಲ್ಲಿಂದ. ನನ್ನ ಹೆಂಡತಿಯ ಮಾತಿನಲ್ಲಿ ಹೇಳುವುದಾದರೆ, ಮಾಡುವುದಕ್ಕೆ ಬೇರೆ ಕೆಲಸವಿಲ್ಲದ್ದರಿಂದ.

ನಾನು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುವವನು. ಪಾಂಡವರನ್ನು ಸುಡಲು ಕಟ್ಟಿಸಿದ ಅರಗಿನ ಮನೆಯ ಕಥೆ ಬಂದಾಗಲೆಲ್ಲ ಹಿಂದಿನ ಬೆಂಚಿನಿಂದ ಯಾರಾದರೂ ಒಬ್ಬ ಎದ್ದು ‘ಅರಗು ಎಂದರೆ ಮೇಣವೇ ಸರ್?’ ಎಂದು ಕೇಳುತ್ತಾನೆ. ಅಲ್ಲಪ್ಪ, ಅದು ಒಂದು ಹುಳು ಕಟ್ಟಿಕೊಳ್ಳುವ ಮನೆ ಎಂದರೆ ತರಗತಿ ನಂಬುವುದಿಲ್ಲ. ನಂಬುವಂಥದ್ದೂ ಅಲ್ಲ. ಅರಗಿನ ಹುಳುವಿನ ಮರಿ ಅರ್ಧ ಮಿಲಿಮೀಟರಿನಷ್ಟು ಉದ್ದ, ಕೆಂಪು ಬಣ್ಣ. ಎಳೆಯ ರೆಂಬೆಯ ಮೇಲೆ ಸ್ವಲ್ಪ ಹರಿದಾಡಿ, ಒಂದು ಜಾಗ ನೋಡಿಕೊಂಡು, ಕೊಳವೆಯಂಥ ಬಾಯಿಯನ್ನು ತೊಗಟೆಯೊಳಗೆ ಇಳಿಸಿ ರಸ ಹೀರಲು ಕುಳಿತರೆ ಹೆಣ್ಣುಹುಳು ಮತ್ತೆ ಏಳುವುದೇ ಇಲ್ಲ. ಬೆಳೆಯುತ್ತ ಪೊರೆ ಬಿಡುವಾಗ ಅದರ ಕಾಲುಗಳೂ ಹೋಗುತ್ತವೆ. ಮೈಯಿಂದ ಒಸರುವ ರಾಳ ಗಾಳಿಗೆ ಗಟ್ಟಿಯಾಗಿ ಸುತ್ತ ಚಿಪ್ಪು ಕಟ್ಟುತ್ತದೆ. ನೆರೆಯ ಹುಳುಗಳ ಚಿಪ್ಪುಗಳೆಲ್ಲ ಕೂಡಿಕೊಂಡು ರೆಂಬೆಗೆ ರೆಂಬೆಯೇ ಒಂದು ದಪ್ಪ ಕವಚದೊಳಗೆ ಹುದುಗಿಹೋಗುತ್ತದೆ. ಗಂಡು ಹೊರಬಂದು, ಕೂಡಿ, ಕೆಲವೇ ದಿನಗಳಲ್ಲಿ ಸಾಯುತ್ತದೆ. ಹೆಣ್ಣು ತಾನು ಕಟ್ಟಿದ ಮನೆಯೊಳಗೇ ನೂರಾರು ಮರಿಗಳನ್ನು ಬಿಟ್ಟು ಮುಗಿಯುತ್ತದೆ. ಆ ಕವಚವನ್ನು ಕೆರೆದು ತೆಗೆದದ್ದೇ ಅರಗು.

ಇದಕ್ಕೆ ಇಂಥದ್ದೇ ಮರ ಬೇಕು. ಬೋರೆ ಆಗುತ್ತದೆ, ಛೋಟಾನಾಗಪುರದ ಕಡೆ ಕುಸುಮ್ ಮರ, ಎಲ್ಲ ಕಡೆ ಮುತ್ತುಗ. ಹೌದು, ಎಲೆ ಹಚ್ಚಿ ಊಟಕ್ಕೆ ಹಾಕುತ್ತಿದ್ದ ಅದೇ ಮುತ್ತುಗ. ಹಳೆಯ ಮೈಸೂರಿನ ಕಾಡುಗಳಲ್ಲಿ ಜಾಲಾರಿ ಮರದ ಮೇಲೂ ಅರಗು ಬೆಳೆಯುತ್ತಿತ್ತು. 1920ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ಹುಳುವನ್ನು ಹಿಡಿದುಕೊಂಡು ಅಧ್ಯಯನಗಳು ನಡೆದಿದ್ದವು. ಅದೇ ಹೊತ್ತಿಗೆ ರಾಂಚಿಯ ಬಳಿ ನಾಮಕುಂನಲ್ಲಿ ಅರಗಿಗೆಂದೇ ಒಂದು ಸಂಶೋಧನಾ ಸಂಸ್ಥೆ ತಲೆಯೆತ್ತಿತು. ಒಂದು ಹುಳುವಿಗೆ ಒಂದು ಸಂಸ್ಥೆ! ಅಷ್ಟು ಗಂಭೀರವಾಗಿ ತೆಗೆದುಕೊಳ್ಳುವಂಥದ್ದು ಅದರಲ್ಲಿ ಏನಿತ್ತು ಎಂಬುದಕ್ಕೆ ಮುಂದೆ ಬರುತ್ತೇನೆ.

ರೆಂಬೆಯಿಂದ ಕೆರೆದ ಅರಗನ್ನು ಕುಟ್ಟಿ ನೀರಿನಲ್ಲಿ ತೊಳೆದರೆ ನೀರು ಕೆಂಪಾಗುತ್ತದೆ. ಆ ಕೆಂಪು ಹುಳುವಿನ ಮೈಯದು. ನಮ್ಮ ಹಳೆಯ ಕಾವ್ಯಗಳ ಹೆಣ್ಣುಮಕ್ಕಳು ಪಾದಕ್ಕೆ ಹಚ್ಚಿಕೊಳ್ಳುವ ಅಲತಿಗೆ ಇದೇ ಅರಗಿನ ರಸ. ಕವಿಗಳಿಗೆ ಅದು ಕಾಲಿನ ಬಣ್ಣವಾದರೆ ಈಸ್ಟ್ ಇಂಡಿಯಾ ಕಂಪನಿಯವರಿಗೆ ಬಟ್ಟೆಯ ಬಣ್ಣ. ಯುರೋಪಿಗೆ ಅರಗು ದೊಡ್ಡ ಪ್ರಮಾಣದಲ್ಲಿ ಹೋಗಲು ಶುರುವಾದದ್ದು ಈ ಕೆಂಪಿನ ಸಲುವಾಗಿ. ರಾಳಕ್ಕೆ ಎರಡನೆಯ ಸ್ಥಾನ. 1856ರಲ್ಲಿ ಪರ್ಕಿನ್ ಎಂಬ ಹದಿಹರೆಯದ ಇಂಗ್ಲಿಷ್ ಹುಡುಗ ಡಾಂಬರಿನ ಸಂತತಿಯಿಂದ ಕೃತಕ ಬಣ್ಣ ತೆಗೆದ. ಹಿಂದೆಯೇ ಅಂಥವು ಸಾಲುಸಾಲಾಗಿ ಬಂದು, ಶತಮಾನ ಮುಗಿಯುವ ಹೊತ್ತಿಗೆ ಅರಗಿನ ಕೆಂಪಿಗೆ ಕೇಳುವವರಿಲ್ಲದಂತಾಯಿತು. ಇಷ್ಟಾದರೂ ಹುಳುವಿನ ಬೆಲೆ ಇಳಿಯಲಿಲ್ಲ. ಕೆಂಪು ನೀರನ್ನು ಚರಂಡಿಗೆ ಚೆಲ್ಲಿ ರಾಳವನ್ನು ಇಟ್ಟುಕೊಳ್ಳುವ ಕಾಲ ಬಂತು.

ಕೆಂಪಿನ ಮಾತು ಬಂದದ್ದರಿಂದ ಒಂದು ಸಣ್ಣ ಅಡ್ಡದಾರಿ. ಅರಗಿನ ಹುಳುವಿನ ದೂರದ ಬಂಧುವೊಂದು ಅಮೆರಿಕ ಖಂಡದಲ್ಲಿ ಪಾಪಾಸುಕಳ್ಳಿಯ ಮೇಲೆ ಬದುಕುತ್ತದೆ. ಅದರ ಹೆಸರು ಕೊಚಿನೀಲ್. ಅದರ ಕೆಂಪು ಅರಗಿನದಕ್ಕಿಂತ ಉಜ್ವಲ, ವ್ಯಾಪಾರವೆಲ್ಲ ಸ್ಪೇನಿನವರ ಮುಷ್ಟಿಯಲ್ಲಿ. ಅದನ್ನು ಇಲ್ಲೇ ಸಾಕಬೇಕೆಂದು ಕಂಪನಿಯವರು ಹಟ ಹಿಡಿದರು. ಮದರಾಸಿನ ಜೇಮ್ಸ್ ಆಂಡರ್ಸನ್ ಎಂಬ ವೈದ್ಯ ಅದಕ್ಕೆಂದೇ ಕಳ್ಳಿತೋಟ ಮಾಡಿದ. ಕೊನೆಗೆ 1795ರಲ್ಲಿ ನೀಲ್ಸನ್ ಎಂಬ ನಾವಿಕ ರಿಯೊ ಡಿ ಜನೈರೊದಿಂದ ಕಲ್ಕತ್ತೆಗೆ ಹುಳುಗಳನ್ನು ತಂದ. ತಂದದ್ದು ಬೇರೆ ಜಾತಿ, ಬಣ್ಣ ಕಳಪೆ. ಆದರೆ ಆ ಹುಳು ಸಿಕ್ಕಸಿಕ್ಕಲ್ಲಿ ಹಬ್ಬಿದ್ದ ಪಾಪಾಸುಕಳ್ಳಿಯನ್ನು ತಿಂದು ಹಾಕಿತು. ಒಂದು ಕಳೆಯನ್ನು ಹುಳುವಿನಿಂದ ಹತೋಟಿಗೆ ತಂದ ಜಗತ್ತಿನ ಮೊದಲ ಉದಾಹರಣೆ ಎಂದು ಇದನ್ನು ಕೃಷಿ ವಿಜ್ಞಾನಿಗಳು ಇಂದಿಗೂ ಹೇಳುತ್ತಾರೆ. ಸಿಪಾಯಿಯ ಕೆಂಪು ಕೋಟಿಗೆಂದು ಹೊರಟದ್ದು ಹೊಲದ ಬೇಲಿಯಲ್ಲಿ ಕೊನೆಗೊಂಡಿತು. ಇಂಥ ಕಥೆಗಳು ಸಿಕ್ಕಿದ ದಿನ ನನಗೆ ರಾತ್ರಿ ಊಟ ರುಚಿಸುತ್ತದೆ.

ಮತ್ತೆ ರಾಳಕ್ಕೆ. ಅರಗು ಏನು ಮಾಡಬಲ್ಲದು ಎಂಬುದು ನನಗೆ ಸ್ಪಷ್ಟವಾದದ್ದು ಯಾವ ಪುಸ್ತಕದಿಂದಲೂ ಅಲ್ಲ, ಒಡವೆ ಸಾಲದ ಕೌಂಟರಿನ ಮುಂದೆ. ನನ್ನ ಮುಂದೆ ಸರದಿಯಲ್ಲಿ ಒಬ್ಬ ಹೆಂಗಸು ತಾಯಿಯ ಕಾಲದ ಗುಂಡಿನ ಸರ ಇಟ್ಟಿದ್ದರು. ಚಿನ್ನ ಪರೀಕ್ಷಿಸುವವರು ತಕ್ಕಡಿಗೆ ಹಾಕಿ, ಒರೆಗಲ್ಲಿಗೆ ಉಜ್ಜಿ, ಒಂದು ಗುಂಡನ್ನು ಉಗುರಿನಿಂದ ಮೆಲ್ಲಗೆ ತಟ್ಟಿ ನೋಡಿದರು.

‘ಅಮ್ಮಾ, ಒಳಗೆ ಅರಗು ಇದೆ. ತೂಕದಲ್ಲಿ ಅದನ್ನು ಕಳೆಯಬೇಕು.’

‘ನಮ್ಮ ತಾಯಿ ಅಷ್ಟೂ ಚಿನ್ನ ಎಂದೇ ಹೇಳಿದ್ದರು.’

‘ಚಿನ್ನ ಮೇಲಿನ ತಗಡು ಮಾತ್ರ ಅಮ್ಮಾ. ಅರಗು ತುಂಬದೇ ಹೋಗಿದ್ದರೆ ಇದು ನಿಮ್ಮ ತಾಯಿಯ ಕೊರಳಲ್ಲೇ ನುಗ್ಗಾಗಿರುತ್ತಿತ್ತು. ನಿಮ್ಮ ಕೈವರೆಗೆ ಬರುತ್ತಲೇ ಇರಲಿಲ್ಲ.’

ಆ ಹೆಂಗಸಿಗೆ ಸಮಾಧಾನವಾಯಿತೋ ಇಲ್ಲವೋ, ನನಗಂತೂ ಅವರ ಮಾತಿನಲ್ಲಿ ಒಂದು ಪಾಠವೇ ಸಿಕ್ಕಿತು. ನನ್ನ ಸರದಿ ಬಂದಾಗ ಸಾಲದ ವಿಷಯ ಬಿಟ್ಟು ಅರಗಿನ ವಿಷಯ ಕೇಳಿದೆ. ಅವರು ಅಕ್ಕಸಾಲಿಗರ ಮನೆತನದವರು. ಕೇಳುವವರು ಸಿಕ್ಕಿದ್ದೇ ಸಂತೋಷವೆಂಬಂತೆ ಹೇಳಿದರು. ಬರೀ ಅರಗು ತುಂಬುವುದಿಲ್ಲವಂತೆ. ಬರೀ ಅರಗು ಗಾಜಿನಂತೆ ಸಿಡಿಯುತ್ತದೆ. ಅದನ್ನು ಕಾಯಿಸಿ ನಯವಾದ ಇಟ್ಟಿಗೆ ಪುಡಿ ಬೆರೆಸಿ ತುಂಬಬೇಕು. ತಗಡಿನ ಮೇಲೆ ಉಬ್ಬು ಚಿತ್ತಾರ ಮೂಡಿಸುವಾಗಲೂ ಅದೇ ಪಾಕದ ಮೇಲೆ ತಗಡನ್ನು ಕೂರಿಸಿ ಚಾಣದಿಂದ ಬಡಿಯುತ್ತಾರೆ. ಪೆಟ್ಟು ಬಿದ್ದಲ್ಲಿ ತಗ್ಗುವಷ್ಟು ಮೆದು, ಉಳಿದೆಡೆ ಹಿಡಿದು ನಿಲ್ಲಿಸುವಷ್ಟು ಗಟ್ಟಿ. ಕೆಲಸ ಮುಗಿದ ಮೇಲೆ ಬಿಸಿ ತೋರಿಸಿದರೆ ಬಿಟ್ಟುಕೊಡುತ್ತದೆ. ಹಿಂದೆ ಸರದಿಯಲ್ಲಿದ್ದವರು ಕೆಮ್ಮತೊಡಗಿದ್ದರಿಂದ ಮಾತು ಅಲ್ಲಿಗೆ ನಿಂತಿತು.

ಪುಡಿಯನ್ನು ಹಿಡಿದಿಡುವುದು, ಅಚ್ಚಿಗೆ ತಕ್ಕಂತೆ ಕೂರುವುದು, ಬಿಸಿಗೆ ಸಡಿಲಿ ತಣ್ಣಗಾದ ಕೂಡಲೇ ಬಿಗಿಯುವುದು. ಈ ಮೂರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಹೊರಟರೆ ಅರಗು ಎಲ್ಲೆಲ್ಲಿ ಕಾಣುತ್ತದೆ! ಅರಗಿನ ಕಡ್ಡಿ ಮೊಹರಿನ ಸಿಂಹಮುಖವನ್ನು ಕೂದಲೆಳೆ ಬಿಡದೆ ಎತ್ತಿಕೊಳ್ಳುವುದು ಎರಡನೆಯ ಗುಣದಿಂದ. ಕುಡುಗೋಲಿನ ಬಾಲವನ್ನು ಮರದ ಹಿಡಿಯೊಳಗೆ ಕೂರಿಸುವುದು ಮೂರನೆಯದರಿಂದ. ಒಂದು ಗೀರನ್ನೂ ಬಿಡದೆ ಅಚ್ಚು ತೆಗೆದುಕೊಳ್ಳುವ ವಸ್ತು ಕೈಯಲ್ಲಿದ್ದ ಮೇಲೆ ಅದರಲ್ಲಿ ದನಿಯನ್ನೇ ಅಚ್ಚು ಹಾಕಬಹುದು ಎಂದು ಯಾರಿಗಾದರೂ ಹೊಳೆಯಲೇಬೇಕಿತ್ತು.

ಎಮಿಲ್ ಬರ್ಲಿನರ್ ಎಂಬಾತ ಗ್ರಾಮಫೋನ್ ಪ್ಲೇಟನ್ನು ಮೊದಲು ಗಟ್ಟಿ ರಬ್ಬರಿನಲ್ಲಿ ಮಾಡಿ ನೋಡಿ, ಅದು ಸರಿಹೋಗದೆ, 1890ರ ದಶಕದ ನಡುವೆ ಅರಗಿಗೆ ಬಂದ. ಅಲ್ಲಿಂದ ಸುಮಾರು ಐವತ್ತು ವರ್ಷ ಜಗತ್ತಿನ ಸಂಗೀತವೆಲ್ಲ ಕೂತದ್ದು ಅರಗಿನ ಮೇಲೆ. ಅರಗು ಬಹುಪಾಲು ಹೋಗುತ್ತಿದ್ದುದು ಭಾರತದ ಕಾಡುಗಳಿಂದ. ರಾಂಚಿಯಲ್ಲಿ ಒಂದು ಹುಳುವಿಗೆ ಒಂದು ಸಂಸ್ಥೆ ಏಕೆ ಬೇಕಾಯಿತು ಎಂಬುದಕ್ಕೆ ಉತ್ತರದ ದೊಡ್ಡ ಭಾಗ ಇಲ್ಲಿದೆ. 1942ರಲ್ಲಿ ಯುದ್ಧದಿಂದಾಗಿ ಅರಗಿನ ಹಡಗುಗಳು ಬರುವುದು ಕಷ್ಟವಾದಾಗ ಅಮೆರಿಕ ಸರ್ಕಾರ ಪ್ಲೇಟು ತಯಾರಿಕೆಗೇ ಕಡಿವಾಣ ಹಾಕಿತು. ಹೊಸ ಹಾಡು ಬೇಕಿದ್ದರೆ ಹಳೆಯ ಪ್ಲೇಟು ತಂದುಕೊಡಿ, ಕರಗಿಸುತ್ತೇವೆ ಎನ್ನುವ ಪರಿಸ್ಥಿತಿ ಬಂದಿತ್ತು.

ನಮ್ಮ ಮನೆಯ ಅಟ್ಟದಲ್ಲಿ ಅಜ್ಜನ ಕಾಲದ ಒಂದು ಕಟ್ಟು ಪ್ಲೇಟುಗಳಿವೆ, ಹೆಚ್ಚಿನವು ನಾಟಕದ ಹಾಡಿನವು. ಅವನ್ನು ನುಡಿಸುವ ಪೆಟ್ಟಿಗೆ ಯಾವಾಗಲೋ ಮನೆ ಬಿಟ್ಟಿದೆ. ಅವುಗಳಲ್ಲಿ ಒಡೆದದ್ದೊಂದನ್ನು ಬಿಸಿಲಿಗೆ ಹಿಡಿದು ನೋಡಿದೆ. ಮೇಲೆ ಕನ್ನಡಿಯಂಥ ಕಪ್ಪು. ಮುರಿದ ಅಂಚಿನಲ್ಲಿ ಮಾತ್ರ ಬೂದುಬಣ್ಣದ ಒರಟು ಹರಳು, ಮುರಿದ ಕಲ್ಲು ಚಪ್ಪಡಿಯಂತೆ. ಆ ಚೂರಿನ ತುದಿಯನ್ನು ಮೇಣದ ಬತ್ತಿಗೆ ಹಿಡಿದರೆ ಗುಳ್ಳೆಯೆದ್ದು, ಮತಗಟ್ಟೆಯ ಸಂಜೆಯ ಅದೇ ವಾಸನೆ ಬಂತು. ಒಂದು ಪ್ಲೇಟಿನಲ್ಲಿ ಅರಗಿನ ಪಾಲು ಹೆಚ್ಚೆಂದರೆ ಮೂರರಲ್ಲಿ ಒಂದು. ಉಳಿದದ್ದು ಸ್ಲೇಟಿನ ಕಲ್ಲು, ಸುಣ್ಣಕಲ್ಲುಗಳ ಪುಡಿ, ಕಪ್ಪಿಗೆ ಕಾಡಿಗೆ. ಒಡವೆ ಸಾಲದ ಕೌಂಟರಿನಲ್ಲಿ ಕೇಳಿದ ಇಟ್ಟಿಗೆ ಪುಡಿಯ ಪಾಕಕ್ಕೂ ಇದಕ್ಕೂ ಮೂಲದಲ್ಲಿ ವ್ಯತ್ಯಾಸವಿಲ್ಲ. ಕಲ್ಲಿನ ಪುಡಿಗೆ ಇನ್ನೊಂದು ಕೆಲಸವೂ ಇತ್ತು: ಉಕ್ಕಿನ ಮುಳ್ಳನ್ನು ಓಡಿಸುತ್ತಲೇ ಸವೆಸಿ, ಗೀರಿನ ಆಕಾರಕ್ಕೆ ತರುವುದು. ಅದಕ್ಕೇ ಪ್ಲೇಟು ತಿರುಗಿಸಿದಾಗಲೆಲ್ಲ ಮುಳ್ಳು ಬದಲಿಸಬೇಕಾಗುತ್ತಿತ್ತು, ಅದಕ್ಕೇ ಆ ಎಣ್ಣೆಯಲ್ಲಿ ಸಾಸಿವೆ ಸಿಡಿಯುವಂಥ ಸದ್ದು.

1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ಅಮೆರಿಕನ್ ತಂತ್ರಜ್ಞ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿಕೊಂಡ. ಮೂರು ನಿಮಿಷದ ಹಾಡು ಮುಗಿಯುತ್ತಿದ್ದಂತೆ ಆಕೆ ಇಂಗ್ಲಿಷಿನಲ್ಲಿ ತಮ್ಮ ಹೆಸರು ಕೂಗಿ ಹೇಳುತ್ತಾರೆ. ಮುದ್ರಿಸಿಕೊಂಡದ್ದು ಜರ್ಮನಿಯ ಹ್ಯಾನೋವರಿಗೆ ಹೋಗಿ ಅಲ್ಲಿ ಪ್ಲೇಟಾಗುತ್ತಿತ್ತು. ಅಲ್ಲಿನವರಿಗೆ ಇದು ಯಾರ ಹಾಡೆಂದು ಗೊತ್ತಾಗಲು ಈ ಉಪಾಯ. ನಮ್ಮ ಕಾಡಿನ ಅರಗು ಹ್ಯಾನೋವರಿಗೆ ಹೋಗಿ, ನಮ್ಮ ಹಾಡನ್ನು ಮೈಮೇಲೆ ಬರೆಸಿಕೊಂಡು, ಮರಳಿ ನಮ್ಮ ಅಂಗಡಿಗಳಿಗೇ ಬರುತ್ತಿತ್ತು. ತಾಸುಗಟ್ಟಲೆ ಬಿಡಿಸುವ ರಾಗವನ್ನು ಮೂರು ನಿಮಿಷದೊಳಗೆ ಮಡಚಿಡುವ ಕಲೆಯನ್ನು ಗೌಹರ್ ಕಲಿತರು. ಹಿರಿಯ ಗಾಯಕರು ಮೂಗು ಮುರಿಯುತ್ತಿದ್ದಾಗ ಆಕೆ ಊರೂರಿನ ಮನೆಯೊಳಗೆ ಹೋಗಿಬಿಟ್ಟಿದ್ದರು.

ಅದೇ ಗೌಹರ್ ಜಾನ್ 1928ರಲ್ಲಿ ಮೈಸೂರು ಅರಮನೆಯ ಗಾಯಕಿಯಾಗಿ ಬಂದರು, ನಾಲ್ವಡಿಯವರ ಆಶ್ರಯಕ್ಕೆ. 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಏಳು ವರ್ಷಗಳ ಮೇಲೆ ಅದೇ ಅರಸರ ಕಾಲದಲ್ಲಿ ಅದೇ ಊರಿನಲ್ಲಿ ಅರಗಿನ ಕಾರ್ಖಾನೆ.

ಇದನ್ನು ಮೊದಲು ಜೋಡಿಸಿಕೊಂಡಾಗ ಮೈ ಜುಮ್ಮೆಂದಿತು. ಒಂದು ಭಾಷಣಕ್ಕೋ ಲೇಖನಕ್ಕೋ ಇದಕ್ಕಿಂತ ಒಳ್ಳೆಯ ಕೊನೆ ಬೇಕೆ? ಅರಗಿನ ಮೇಲೆ ದನಿ ಬರೆದವರು ಅರಗಿನ ಊರಿನಲ್ಲಿ ಮಣ್ಣಾದರು! ಆದರೆ ಕೂತು ಯೋಚಿಸಿದರೆ ಇಲ್ಲಿ ನಂಟೇ ಇಲ್ಲ. ಗೌಹರ್ ಮೈಸೂರಿಗೆ ಬಂದದ್ದು ಸಂಗೀತಕ್ಕೆ ಮರ್ಯಾದೆಯಿದ್ದ ಅರಮನೆಯೊಂದಿತ್ತು ಎಂದು. ಕಾರ್ಖಾನೆ ಬಂದದ್ದು ಕಾಡಿನ ಹುಟ್ಟುವಳಿಯಿಂದ ಉದ್ಯಮ ಮಾಡುವ ಹುಮ್ಮಸ್ಸು ಆ ಸಂಸ್ಥಾನಕ್ಕೆ ಇತ್ತು ಎಂದು. ಕಾಗೆ ಕೂತಿತು, ತಾಳೆಹಣ್ಣು ಬಿತ್ತು. ಕುತೂಹಲದ ಬೆನ್ನು ಹತ್ತಿದವರಿಗೆ ಇರುವ ದೊಡ್ಡ ಅಪಾಯ ಇದೇ ಎಂದು ನನ್ನ ಅನಿಸಿಕೆ: ಬೀಳುವ ತಾಳೆಹಣ್ಣುಗಳು ಬಹಳ ಸಿಹಿ. ವಾಟ್ಸಾಪಿನಲ್ಲಿ ದಿನವೂ ಬರುವ ‘ನಿಮಗೆ ಗೊತ್ತೇ?’ ಸಂದೇಶಗಳಲ್ಲಿ ಮುಕ್ಕಾಲು ಪಾಲು ಇಂಥವೇ.

ಹಾಗಾಗಿ ನಾನು ಒಂದು ಪ್ರಶ್ನೆ ಇಟ್ಟುಕೊಂಡಿದ್ದೇನೆ. ಎರಡು ಕಡೆ ಒಂದೇ ವಸ್ತು ಕಂಡರೆ, ಅದು ಎರಡೂ ಕಡೆ ಮಾಡುತ್ತಿರುವ ಕೆಲಸ ಏನು? ಗುಂಡಿನ ಸರಕ್ಕೂ ಗ್ರಾಮಫೋನಿಗೂ ಸಂಬಂಧವಿದೆ, ಏಕೆಂದರೆ ಎರಡರಲ್ಲೂ ಅರಗು ಪುಡಿಯನ್ನು ಹಿಡಿದು ನಿಲ್ಲಿಸುತ್ತಿದೆ. ಗೌಹರ್ ಜಾನ್ ಅವರ ಸಾವಿಗೂ ಬನ್ನಿಮಂಟಪಕ್ಕೂ ಸಂಬಂಧವಿಲ್ಲ. ವೀಣೆಯ ಮೆಟ್ಟಿಲುಗಳನ್ನು ಕೂರಿಸುವ ಕರಿಯ ಪಾಕವನ್ನು ನೋಡಿದಾಗ ಇದೂ ಅರಗೇ ಎಂದು ಎಲ್ಲರಿಗೂ ಅನಿಸುತ್ತದೆ. ಆದರೆ ಅದು ಜೇನುಮೇಣ, ಮಸಿ ಬೆರೆಸಿದ್ದು. ಮೆಟ್ಟಿಲನ್ನು ಶ್ರುತಿ ನೋಡಿ ಆಗಾಗ ಮತ್ತೆ ಸರಿಸಬೇಕಾಗುತ್ತದೆ, ಒಮ್ಮೆ ಬಿಗಿದರೆ ಬಿಡದ ಅರಗು ಅಲ್ಲಿ ಒಗ್ಗುವುದಿಲ್ಲ. ಕೆಲಸ ಬೇರೆ, ವಸ್ತು ಬೇರೆ.

ಅದೇ ಪ್ರಶ್ನೆಯನ್ನು ಶಾಯಿಗೆ ಕೇಳಿದೆ. ಕಾರ್ಖಾನೆಯ ಮಟ್ಟಿಗೆ ದಾರಿ ನೇರವಾಗಿದೆ. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿದರೆ ವಾರ್ನಿಷ್. ವಾರ್ನಿಷ್ ಮಾಡುವವರು ಬಣ್ಣಕ್ಕೆ ಕೈಹಾಕುವುದು ಸಹಜ. ಸರ್ಕಾರಕ್ಕೆ ಶಾಯಿ ಬೇಕಾದಾಗ ಸರ್ಕಾರದ್ದೇ ಬಣ್ಣದ ಕಾರ್ಖಾನೆಯನ್ನು ನೋಡಿದ್ದೂ ಸಹಜ. ಆದರೆ ಶಾಯಿಯೊಳಗೆ ಕೆಲಸ ಮಾಡುವುದು ಅರಗಲ್ಲ, ಬೆಳ್ಳಿ. ಸೂತ್ರ ಸಿದ್ಧವಾದದ್ದು ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದಲ್ಲಿ. ಮುಖ್ಯ ವಸ್ತು ಸಿಲ್ವರ್ ನೈಟ್ರೇಟ್. ನಮ್ಮ ಶಾಲೆಯ ವಿಜ್ಞಾನದ ಮೇಡಂ ನನ್ನ ಕಾಟ ತಾಳಲಾರದೆ ಒಂದು ಮಧ್ಯಾಹ್ನ ಪ್ರಯೋಗ ಮಾಡಿ ತೋರಿಸಿದರು. ಗಾಜಿನ ನಳಿಕೆಯಲ್ಲಿ ಉಪ್ಪು ನೀರು, ಅದಕ್ಕೆ ನಾಲ್ಕು ಹನಿ ಸಿಲ್ವರ್ ನೈಟ್ರೇಟ್. ಹಾಲು ಒಡೆದಂತೆ ಬಿಳಿಯ ಗಷ್ಟು ಇಳಿಯಿತು. ‘ಇದನ್ನು ಕಿಟಕಿಯ ಬಳಿ ಇಟ್ಟು ಟೀ ಕುಡಿದು ಬನ್ನಿ ಸರ್’ ಎಂದರು. ಬರುವಷ್ಟರಲ್ಲಿ ಬಿಸಿಲು ಬಿದ್ದ ಬದಿ ನೇರಳೆಗೆ ತಿರುಗಿ ಕಂದಾಗುತ್ತಿತ್ತು, ಗೋಡೆಯ ಬದಿ ಇನ್ನೂ ಬಿಳಿ.

‘ಬೆರಳಿನಲ್ಲಿ ಉಪ್ಪು ಎಲ್ಲಿಂದ ಬಂತು ಮೇಡಂ?’

‘ಬೆವರಿನಿಂದ ಸರ್. ಸರದಿಯಲ್ಲಿ ನಿಂತು ಬಂದವರಿಗೆ ಅದಕ್ಕೇನು ಕೊರತೆ?’

ಚರ್ಮದ ಉಪ್ಪಿನೊಡನೆ ಸೇರಿ ಸಿಲ್ವರ್ ಕ್ಲೋರೈಡ್ ಆಗುತ್ತದೆ, ಅದು ನೀರಿಗೆ ಕರಗದು, ಬೆಳಕಿಗೆ ಕಪ್ಪಾಗುತ್ತದೆ. ಚರ್ಮದ ಮೇಲಿನದು ಕೆಲವು ದಿನಗಳಲ್ಲಿ ಸವೆದು ಹೋದರೂ ಉಗುರಿನದು ಉಗುರು ಬೆಳೆದು ಹೊರಬೀಳುವ ತನಕ ವಾರಗಟ್ಟಲೆ ಇರುತ್ತದೆ. 1830ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಹೆನ್ರಿ ಫಾಕ್ಸ್ ಟಾಲ್ಬಟ್ ಮಾಡಿದ್ದು ಇದನ್ನೇ. ಕಾಗದವನ್ನು ಉಪ್ಪು ನೀರಿನಲ್ಲಿ ಅದ್ದಿ ಒಣಗಿಸಿ, ಸಿಲ್ವರ್ ನೈಟ್ರೇಟ್ ಬಳಿದು, ಮೇಲೆ ಒಂದು ಎಲೆಯನ್ನೋ ಕಸೂತಿಯ ತುಂಡನ್ನೋ ಇಟ್ಟು ಬಿಸಿಲಿಗೆ ಹಿಡಿದ.  ಬಿಸಿಲು ತಾಗಿದ ಭಾಗ ಕಪ್ಪಾಯಿತು, ಎಲೆಯ ಆಕಾರ ಬಿಳಿಯಾಗಿ ಉಳಿಯಿತು. ಫೋಟೊಗ್ರಫಿಯ ಒಂದು ಬೇರು ಅಲ್ಲಿದೆ. ಇಲ್ಲಿ ತಾಳೆಹಣ್ಣು ಬಿದ್ದದ್ದಲ್ಲ. ಅದೇ ಉಪ್ಪು, ಅದೇ ಬೆಳ್ಳಿ, ಅದೇ ಬೆಳಕು, ಅದೇ ಕೆಲಸ. ಮತ ಹಾಕಿ ಹೊರಬಂದು ಬೆರಳೆತ್ತಿ ಸೆಲ್ಫಿ ತೆಗೆದುಕೊಳ್ಳುವವರ ಕೈಯಲ್ಲಿ ಎರಡು ಫೋಟೊಗಳಿರುತ್ತವೆ, ಹಳೆಯದು ಉಗುರಿನ ಮೇಲೆ.

ಚನ್ನಪಟ್ಟಣಕ್ಕೆ ಹೋದದ್ದು ಇದಾದ ಮೇಲೆ. ಬೊಂಬೆಯ ಅಂಗಡಿಗಳ ಹಿಂದಿನ ಓಣಿಯಲ್ಲಿ ಒಬ್ಬ ಹಿರಿಯರು ಚರಕಿಯ ಮುಂದೆ ಕುಳಿತಿದ್ದರು. ಆಲೆ ಮರದ ತುಂಡು ಗಿರ್ರನೆ ತಿರುಗುತ್ತಿತ್ತು. ಮರ ಬಹಳ ಬಿಳಿ, ಗಂಟಿಲ್ಲ, ಉಳಿ ತಾಗಿದಲ್ಲಿ ಹೊಟ್ಟು ಸಿಪ್ಪೆಯಾಗಿ ಸುರುಳಿ ಬಿಚ್ಚುತ್ತಿತ್ತು. ಬುಗುರಿಯ ಆಕಾರ ಬಂದ ಕೂಡಲೇ ಅವರು ಹಳದಿ ಅರಗಿನ ಕಡ್ಡಿ ತೆಗೆದು ತಿರುಗುವ ಮರಕ್ಕೆ ಒತ್ತಿದರು. ಬೆಂಕಿಯಿಲ್ಲ, ಕುಂಚವಿಲ್ಲ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿತು. ಮೊದಲು ಗೆರೆಗೆರೆಯಾಗಿ, ಮಂಕಾಗಿ. ಆಮೇಲೆ ಒಣಗಿದ ತಾಳೆಗರಿಯ ತುಂಡನ್ನು ಮಡಚಿ ಮೇಲೆ ಹಿಡಿದರು. ಒಂದು ಉಸಿರು ಎಳೆದು ಬಿಡುವಷ್ಟರಲ್ಲಿ ಗೆರೆಗಳೆಲ್ಲ ಮಾಯವಾಗಿ ಬುಗುರಿಯ ಮೈಯಲ್ಲಿ ಕಿಟಕಿ ಕಾಣುವಂಥ ಹೊಳಪು ಬಂತು. ಹೆಚ್ಚು ಒತ್ತಿದರೆ ಅರಗು ಸುಟ್ಟು ಕಂದಾಗುತ್ತದೆ, ಕಡಿಮೆ ಒತ್ತಿದರೆ ಹತ್ತುವುದಿಲ್ಲ. ಎಷ್ಟು ಒತ್ತಬೇಕು ಎಂದು ಕೇಳಿದ್ದಕ್ಕೆ ಅವರು ನನ್ನ ಕೈಗೇ ಕಡ್ಡಿ ಕೊಟ್ಟರು. ಅಂಗೈಗೆ ಮರದ ನಡುಕ ಬರುತ್ತದೆ. ಅರಗು ಕರಗಿದ ಕ್ಷಣ ಆ ನಡುಕ ನಯವಾಗುತ್ತದೆ. ಅದನ್ನು ಯಾರೂ ಬರೆದಿಡಲಾರರು.

‘ಹುಳು ಮರದ ಮೇಲೆ ಕಟ್ಟಿದ್ದನ್ನು ನಾವು ಮತ್ತೆ ಮರಕ್ಕೇ ಕಟ್ಟುತ್ತೇವೆ, ಅಷ್ಟೇ ಸ್ವಾಮಿ’ ಎಂದರು ಅವರು. ಈ ಆಲೆ ಮರದ ಎಲೆಯಿಂದ ಹಿಂದೆ ನೀಲಿ ಬಣ್ಣವನ್ನೂ ತೆಗೆಯುತ್ತಿದ್ದರು ಎಂದು ಓದಿದ್ದೆ. ಅವರನ್ನು ಕೇಳಿದರೆ, ನೀಲಿ ಪುಡಿ ಅಂಗಡಿಯಿಂದ ಬರುತ್ತದೆ, ಎಲೆ ಮೇಕೆಗೆ ಎಂದರು.

ಉಳಿದ ಕೊಂಡಿಗಳನ್ನು ಬೇಗ ದಾಟುತ್ತೇನೆ. ಹಬ್ಬಕ್ಕೆ ತಂದ ಬಣ್ಣದ ಮಿಠಾಯಿ ಪೊಟ್ಟಣದ ಹಿಂಬದಿ 904 ಎಂಬ ಸಂಖ್ಯೆ ಇದ್ದರೆ ಅದು ಅರಗು, ಹೊಳಪು ಅದರದು. ಹೊಟ್ಟೆಯ ಆಮ್ಲಕ್ಕೆ ಕರಗದೆ ಕರುಳಿನಲ್ಲಿ ಕರಗಬೇಕಾದ ಮಾತ್ರೆಗಳಿಗೂ ಅರಗಿನ ಲೇಪ ಹಾಕುವುದುಂಟು, ಏಕೆಂದರೆ ಅದು ಕರಗುವುದು ಕ್ಷಾರಕ್ಕೆ. ಹಳೆಯ ಮೇಜಿನ ಪಾಲಿಶಿನ ಮೇಲೆ ಬಿಸಿ ಲೋಟ ಇಟ್ಟರೆ ಬಿಳಿ ಬಳೆ ಮೂಡುವುದೂ ಅರಗಿನಿಂದ. ಇಷ್ಟನ್ನು ಊಟದ ಹೊತ್ತಿನಲ್ಲಿ ಹೇಳಿದ್ದಕ್ಕೆ ಮಗಳು ಮಿಠಾಯಿ ಪೊಟ್ಟಣವನ್ನು ತಮ್ಮನ ಕಡೆಗೆ ತಳ್ಳಿದಳು. ತಮ್ಮ ತಕರಾರಿಲ್ಲದೆ ತಿಂದ.

ಪ್ಲೇಟುಗಳ ಮಟ್ಟಿಗೆ, 1948ರಲ್ಲಿ ಅಮೆರಿಕದಲ್ಲಿ ವಿನೈಲ್ ತಟ್ಟೆ ಬಂದ ಮೇಲೆ ಅರಗಿನ ಕಾಲ ಮುಗಿಯುತ್ತ ಬಂತು. ಕೀಲಿ ಕೊಟ್ಟು ನುಡಿಸುವ ಪೆಟ್ಟಿಗೆಗಳು ವಿದ್ಯುತ್ತಿಲ್ಲದ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದುದರಿಂದ ಇಲ್ಲಿ ಮಾತ್ರ ಅದು ತಡವಾಗಿ ಹೋಯಿತು. ಬೀಟಲ್ಸ್ ತಂಡದ ಹಾಡುಗಳು ಸಹ 1960ರ ದಶಕದಲ್ಲಿ ಕಲ್ಕತ್ತೆಯ ಡಂಡಂ ಕಾರ್ಖಾನೆಯಲ್ಲಿ ನಿಮಿಷಕ್ಕೆ 78 ಸುತ್ತಿನ ವೇಗದ ಹಳೆಯ ಬಗೆಯ ಪ್ಲೇಟುಗಳಾಗಿ ಅಚ್ಚಾದವು. ಅವನ್ನು ಹುಡುಕಿಕೊಂಡು ವಿದೇಶದ ಸಂಗ್ರಾಹಕರು ಇಂದಿಗೂ ನಮ್ಮ ಹಳೆಯ ಸಾಮಾನಿನ ಅಂಗಡಿಗಳನ್ನು ಜಾಲಾಡುತ್ತಾರೆ.

ಅಟ್ಟ ಖಾಲಿ ಮಾಡುವ ಪ್ರಸಂಗ ಬಂದಾಗ ಅಜ್ಜನ ಕಟ್ಟನ್ನೂ, ಅಪ್ಪನ ಹಳೆಯ ಎಕ್ಸ್‌ರೇ ಫಿಲ್ಮುಗಳ ಲಕೋಟೆಯನ್ನೂ ಗುಜರಿ ಅಂಗಡಿಗೆ ಒಯ್ದೆ. ಕೊಡಲು ಎಂದಲ್ಲ, ಏನು ಹೇಳುತ್ತಾನೆ ನೋಡೋಣ ಎಂದು. ಅಂಗಡಿಯ ಹುಡುಗ ಎಕ್ಸ್‌ರೇ ಲಕೋಟೆಯನ್ನು ಬಿಚ್ಚಿ ನೋಡಲೂ ಇಲ್ಲ, ಸೀದಾ ತಕ್ಕಡಿಗೆ ಹಾಕಿದ. ‘ಇದರಲ್ಲಿ ಬೆಳ್ಳಿ ಇರುತ್ತದೆ ಸಾರ್. ತೊಳೆದು ತೆಗೆಯುವವರಿದ್ದಾರೆ. ಈಗ ಡಾಕ್ಟರುಗಳು ಎಲ್ಲವನ್ನೂ ಮೊಬೈಲಿಗೇ ಕಳಿಸುತ್ತಾರೆ, ನಮಗೆ ಮಾಲು ಬರುವುದೇ ಕಡಿಮೆಯಾಗಿದೆ.’ ಪ್ಲೇಟಿನ ಕಟ್ಟನ್ನು ಮಾತ್ರ ಪಕ್ಕಕ್ಕೆ ಸರಿಸಿದ.

‘ಇದು ಬೇಡವೇ?’

‘ಬೇಡ ಸಾರ್. ಪ್ಲಾಸ್ಟಿಕ್ ಆಗಿದ್ದರೆ ತೆಗೆದುಕೊಳ್ಳುತ್ತಿದ್ದೆ. ಇದನ್ನು ಕರಗಿಸಿದರೆ ಕಲ್ಲಿನ ಪುಡಿ ಬಿಟ್ಟು ಬೇರೇನೂ ಸಿಗುವುದಿಲ್ಲ.’

ಅದರಲ್ಲಿ ಅರಗೂ ಇದೆಯಪ್ಪ ಎಂದೆ. ಅರಗಿಗೆ ಕಿಲೋ ಎಷ್ಟಿದೆ ಎಂದು ಅವನು ನನ್ನನ್ನೇ ಕೇಳಿದ.